ಅಟ್ಟದ ಲೇಔಟ್ ಡಿಸಿಸಿಗೆ ಬದಲಾಯಿಸುವಾಗ ಹಳೆ ಬ್ಲಾಕ್ ವಯರಿಂಗ್ ಇಡುವುದಾ, ಕೀಳುವುದಾ?

ಕುಂಬ್ಳೆ ಅಟ್ಟ
ಎಲ್ಲರಿಗೂ ನಮಸ್ಕಾರ. ಮಳೆ ಹಿಡಿಯುವ ಮೊದಲು ಒಂದು ತೀರ್ಮಾನ ಆಗಬೇಕು, ಹಾಗಾಗಿ ಕೇಳುವುದು.

ಮನೆಯ ಅಟ್ಟದಲ್ಲಿ ಎಚ್‌ಓ (ನಿಜದ್ದರ 87ರಲ್ಲಿ ಒಂದು ಪಾಲು ಅಳತೆ) ಮಾದರಿ ರೈಲಿನ ಲೇಔಟ್ ಉಂಟು. ಎಲ್ ಆಕಾರ, ಒಂದು ಬದಿ 16 ಅಡಿ, ಇನ್ನೊಂದು 10 ಅಡಿ. ಕುಂಬ್ಳೆ ಸ್ಟೇಷನ್, ಕಾಸರಗೋಡು, ಮತ್ತೆ ಚಂದ್ರಗಿರಿ ಸೇತುವೆ, ಕಳನಾಡಿನ ಸುರಂಗ. ಸುರಂಗದ ಒಳಗೆ ಹಳಿ ಒಂದು ಸುತ್ತು ಹಾಕಿ ಹೋದ ಲೈನಿಗೇ ವಾಪಸ್ ಸೇರ್ತದೆ. ಈಗ ಇರುವುದು ಹಳೆಯ ಡಿಸಿ ಪದ್ಧತಿ: ಎರಡು ಕಂಟ್ರೋಲರ್, 9 ಬ್ಲಾಕ್ (ಬೇರೆ ಬೇರೆಯಾಗಿ ಕರೆಂಟ್ ಕೊಡುವ ಹಳಿಯ ಭಾಗ), ಬ್ಲಾಕಿಗೊಂದು ಟಾಗಲ್ ಸ್ವಿಚ್, ಒಂದು ಬದಿಯ ಹಳಿಗೆಲ್ಲ ಒಂದೇ ಕಾಮನ್ ವಯರ್. ಪಾಯಿಂಟುಗಳೆಲ್ಲ (ಹಳಿ ಕವಲಾಗುವ ಜಾಗ) ಪೆಕೋ ಕಂಪನಿಯ ಎಲೆಕ್ಟ್ರೋಫ್ರಾಗ್, ಅಂದರೆ ಒಳ ಹಳಿಗಳು ಕೂಡುವ ಫ್ರಾಗ್ ಲೋಹದ್ದು.

ಇನ್ನು ಡಿಸಿಸಿ (ಹಳಿಯ ಮೂಲಕವೇ ಒಂದೊಂದು ಎಂಜಿನ್ನಿಗೂ ಬೇರೆ ಬೇರೆ ಡಿಜಿಟಲ್ ಆಜ್ಞೆ ಕಳಿಸುವ ಪದ್ಧತಿ) ಮಾಡುವುದೇ ಅಂತ ಗಟ್ಟಿ ಮಾಡಿ ಆಯಿತು. ಒಂದೇ ಯಾರ್ಡಿನಲ್ಲಿ ಎರಡು ಎಂಜಿನ್ ಬೇರೆ ಬೇರೆ ಓಡಬೇಕು, ಶಂಟಿಂಗ್ ಆಗುವಾಗ ಮಲಬಾರ್ ಎಕ್ಸ್‌ಪ್ರೆಸ್ ಮೈನ್ ಲೈನಿನಲ್ಲಿ ಬರಬೇಕು, ಅದಕ್ಕೆ. ಆದರೆ ವಯರಿಂಗ್ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಎರಡೇ ವಯರ್ ಸಾಕು ಅಂತ ಕೆಲವರು, ಇದ್ದದ್ದೆಲ್ಲ ಕಿತ್ತು ಹೊಸದಾಗಿ ಎಳೆಯಿರಿ ಅಂತ ಕೆಲವರು. ಬಸ್ ವಯರ್ (ಲೇಔಟಿನ ಉದ್ದಕ್ಕೂ ಹೋಗುವ ಮುಖ್ಯ ವಯರ್) ಎಷ್ಟು ದಪ್ಪ ಬೇಕು? ಟಾಗಲ್ ಸ್ವಿಚ್‌ಗಳನ್ನು ಇಟ್ಟುಕೊಂಡರೆ ತೊಂದರೆ ಉಂಟಾ? ಸುರಂಗದ ಆ ಸುತ್ತಿಗೆ ಎಂತ ಮಾಡುದು?

ಪೆರ್ಲದವ
ಎರಡೇ ವಯರ್ ಸಾಕು. ಇದ್ದ ಟಾಗಲ್ ಎಲ್ಲ ಆನ್ ಮಾಡಿ ಇಡಿ, ಕಂಟ್ರೋಲರ್ ತೆಗೆದು ಆ ಜಾಗಕ್ಕೆ ಕಮಾಂಡ್ ಸ್ಟೇಷನ್ (ಡಿಸಿಸಿ ಆಜ್ಞೆ ಕಳಿಸುವ ಪೆಟ್ಟಿಗೆ) ಕೊಡಿ, ಮುಗೀತು. ನಮ್ಮಲ್ಲಿ ಹಾಗೇ ಓಡ್ತಾ ಉಂಟು.

ಬದಿಯಡ್ಕ ಬೆಸುಗೆ
@ಪೆರ್ಲದವ ನಿಮ್ಮದು ಎಷ್ಟು ದೊಡ್ಡ ಲೇಔಟ್ ಮಾರಾಯ್ರೆ?

ಪೆರ್ಲದವ
6 ಅಡಿ, 4 ಅಡಿ. ಒಂದು ಓವಲ್, ಎರಡು ಸೈಡಿಂಗ್.

ಬದಿಯಡ್ಕ ಬೆಸುಗೆ
ಅಷ್ಟು ಸಣ್ಣದಕ್ಕೆ ಸಾಕು, ಒಪ್ತೇನೆ. 26 ಅಡಿ ಲೇಔಟಿಗೆ ಅದೇ ಮಾತು ಹೇಳಿದರೆ ಮುಂದೆ ಪ್ಲಾಸ್ಟಿಕ್ ಬೋಗಿ ಕರಗ್ತದೆ. ಕರಗ್ತದೆ ಅಂತ ಹೆದರಿಸ್ಲಿಕ್ಕೆ ಹೇಳುದಲ್ಲ, ಲೆಕ್ಕ ಹೇಳ್ತೇನೆ.

ಡಿಸಿಯಲ್ಲಿ ಒಂದು ಬ್ಲಾಕಿನಲ್ಲಿ ಒಂದು ಎಂಜಿನ್, ಅರ್ಧ ಆಂಪಿಯರ್, ಹೆಚ್ಚೆಂದರೆ ಒಂದು. ಡಿಸಿಸಿಯಲ್ಲಿ ಇಡೀ ಹಳಿಗೆ ಯಾವಾಗಲೂ ಪೂರ್ತಿ ವೋಲ್ಟೇಜ್ ಇರ್ತದೆ, ಎಚ್‌ಓಗೆ ಸುಮಾರು 14-15 ವೋಲ್ಟ್. ಎಲ್ಲ ಎಂಜಿನ್, ಎಲ್ಲ ಕೋಚಿನ ದೀಪ, ಎಲ್ಲದಕ್ಕೂ ಕರೆಂಟ್ ಅದೇ ಎರಡು ವಯರಿನಲ್ಲಿ ಬರಬೇಕು. ಹಳಿಗೆ ಕರೆಂಟ್ ಕೊಡುವ ಪೆಟ್ಟಿಗೆ, ಬೂಸ್ಟರ್, 5 ಆಂಪಿಯರಿನದ್ದು ಅಂದರೆ 75 ವಾಟ್. ಎಲ್ಲೋ ಗಾಲಿ ತಪ್ಪಿ ಶಾರ್ಟ್ ಆಯಿತು ಅಂತಿಟ್ಟುಕೊಳ್ಳಿ. ವಯರ್ ದಪ್ಪ ಇದ್ದರೆ ಬೂಸ್ಟರಿಗೆ ಆ ಶಾರ್ಟ್ ತಕ್ಷಣ ತಿಳೀತದೆ, ಅದು ಟ್ರಿಪ್ ಆಗ್ತದೆ. ವಯರ್ ತೆಳು ಇದ್ದರೆ ಆ ರೋಧದಿಂದ ಕರೆಂಟ್ 4 ಆಂಪಿಯರಿನಲ್ಲೇ ನಿಲ್ತದೆ. ಬೂಸ್ಟರಿಗೆ ಅದು ರೈಲು ಓಡಿದ ಹಾಗೇ ಕಾಣ್ತದೆ, ಟ್ರಿಪ್ ಆಗುದಿಲ್ಲ. ಗಾಲಿ ತಾಗಿದ ಆ ಒಂದು ಜಾಗದಲ್ಲಿ ಬಿಸಿ ಏರ್ತಾ ಹೋಗ್ತದೆ.

ಈಗ ತಾಮ್ರದ ಲೆಕ್ಕ. ಬೂಸ್ಟರ್ ಒಂದು ತುದಿಯಲ್ಲಿಟ್ಟು ಇನ್ನೊಂದು ತುದಿಗೆ 8 ಮೀಟರ್ ಅಂತ ಹಿಡಿದರೆ, ಹೋಗಿ ಬರುವ ದಾರಿ 16 ಮೀಟರ್. 2.5 ಚದರ ಮಿ.ಮೀ. ವಯರಿನ ರೋಧ ಕಿಲೋಮೀಟರಿಗೆ ಸುಮಾರು 7.4 ಓಮ್, ಅಂದರೆ ನಿಮಗೆ ಸುಮಾರು 0.12 ಓಮ್. 3 ಆಂಪಿಯರ್ ಹರಿದರೆ 0.36 ವೋಲ್ಟ್ ಬೀಳ್ತದೆ, ತೊಂದರೆ ಇಲ್ಲ. ಅದೇ 0.5 ಚದರ ಮಿ.ಮೀ. ವಯರಿನದ್ದು ಕಿಲೋಮೀಟರಿಗೆ 39 ಓಮ್ ಹತ್ತಿರ. 16 ಮೀಟರಿಗೆ 0.62 ಓಮ್, 3 ಆಂಪಿಯರಿಗೆ 1.9 ವೋಲ್ಟ್ ಹೋಯಿತು. ಇದಕ್ಕೆ ಹಳಿಯ ಜಾಯಿನರ್‌ಗಳ ರೋಧ ಸೇರಿಸಿ. ನಿಕಲ್ ಸಿಲ್ವರ್ ಹಳಿಯೇ ತಾಮ್ರಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ರೋಧದ್ದು. ಹಳಿಯನ್ನೇ ವಯರ್ ಅಂತ ನಂಬುದು ಬೇಡ.

ಹಾಗಾಗಿ 2.5ರ ಬಸ್ ಕೆಂಪು-ಕಪ್ಪು, ಲೇಔಟಿನ ಅಡಿಯಲ್ಲಿ ಉದ್ದಕ್ಕೂ. ಅದರಿಂದ ಪ್ರತಿ 3 ಅಡಿಗೊಂದು ಜೋಡಿ ಫೀಡರ್, 0.5ರದ್ದು, ಒಂದಡಿಗಿಂತ ಉದ್ದ ಬೇಡ. ಅಡಿಕೆ ತೋಟಕ್ಕೆ ಮೈನ್ ಪೈಪು ಎಳೆದು ಅಲ್ಲಲ್ಲಿ ಸ್ಪ್ರಿಂಕ್ಲರಿಗೆ ಸಣ್ಣ ಪೈಪು ಬಿಡುವುದಿಲ್ಲವಾ, ಅದೇ ಕ್ರಮ. ಸಾಧ್ಯ ಆದರೆ ಹಳಿಯ ಪ್ರತಿ ತುಂಡಿಗೂ ಒಂದು ಫೀಡರ್ ಕೊಡಿ, ಆಗ ಜಾಯಿನರ್ ಸಡಿಲ ಆದರೂ ಚಿಂತೆ ಇಲ್ಲ.

ಪೆರ್ಲದವ
2.5 ಅಂದರೆ ಮನೆಯಲ್ಲಿ ಗೀಸರಿಗೆ, ಪವರ್ ಪ್ಲಗ್ಗಿಗೆ ಎಳೆಯುವ ವಯರ್. ಆಟದ ರೈಲಿಗೆ ಅಷ್ಟಾ? 1.5 ಸಾಲದಾ?

ಬದಿಯಡ್ಕ ಬೆಸುಗೆ
1.5ಕ್ಕೆ ಕಿಲೋಮೀಟರಿಗೆ 12.1 ಓಮ್. ಇವರ ದೂರಕ್ಕೆ 0.19 ಓಮ್, 3 ಆಂಪಿಯರಿಗೆ 0.6 ವೋಲ್ಟ್ ಹತ್ತಿರ. ನಡೀತದೆ, ತಪ್ಪಲ್ಲ. ಆದರೆ ಒಂದು ಕಾಯಿಲಿನ ಬೆಲೆಯ ವ್ಯತ್ಯಾಸಕ್ಕೆ ನಾಳೆ ಲೇಔಟ್ ಕುಂಬ್ಳೆಯಿಂದ ಮಂಜೇಶ್ವರಕ್ಕೆ ಬೆಳೆದರೆ ಮತ್ತೆ ಅಡಿಯಲ್ಲಿ ಮಲಗಿ ವಯರ್ ಬದಲಾಯಿಸುವ ಕೆಲಸ ಯಾಕೆ? ಮನೆಯಲ್ಲಿ 230 ವೋಲ್ಟ್, ಅಲ್ಲಿ ಅರ್ಧ ವೋಲ್ಟ್ ಬಿದ್ದರೆ ಲೆಕ್ಕಕ್ಕಿಲ್ಲ. ಇಲ್ಲಿ ಇರುವುದೇ 15.

ಗುಂತಕಲ್ ಯಾರ್ಡ್
ಬೆಸುಗೆಯವರು ಹೇಳಿದ್ದು ನೂರಕ್ಕೆ ನೂರು. ಅದಕ್ಕೆ ಒಂದು ಪರೀಕ್ಷೆ ಐತೆ, ಎಲ್ಲಾರೂ ಮಾಡಬೇಕು. ಎಂಜಿನ್ ಎಲ್ಲ ಎತ್ತಿಟ್ಟು, ಒಂದು ರೂಪಾಯಿ ನಾಣ್ಯ ತಗೊಂಡು ಎರಡು ಹಳಿ ಮೇಲೆ ಅಡ್ಡ ಇಡ್ರಿ. ಬೂಸ್ಟರ್ ತಕ್ಷಣ ಟ್ರಿಪ್ ಆಗಬೇಕು. ನಾಣ್ಯ ತೆಗೆದ ಮೇಲೆ ತಾನೇ ವಾಪಸ್ ಬರಬೇಕು. ಹಿಂಗೆ ಎರಡೆರಡು ಅಡಿಗೆ ಒಂದು ಸಲ, ಸೈಡಿಂಗಿನ ತುದಿ, ಪಾಯಿಂಟಿನ ಆಚೆ ಈಚೆ, ಸುರಂಗದ ಒಳಗೂ. ಟ್ರಿಪ್ ಆಗದ ಜಾಗ ಸಿಕ್ಕರೆ ಅಲ್ಲಿಗೆ ಫೀಡರ್ ಬೇಕು ಅಂತ ಅರ್ಥ. ಮಲ್ಟಿಮೀಟರಿನಾಗೆ ವೋಲ್ಟೇಜ್ ಸರಿ ತೋರಿಸ್ತೈತೆ ಅಂತ ಬಿಡಬೇಡ್ರಿ, ಲೋಡ್ ಇಲ್ಲದಾಗ ತೆಳು ವಯರಿನಾಗೂ ಪೂರ್ತಿ ವೋಲ್ಟೇಜೇ ಕಾಣ್ತೈತೆ.

ಮುಳ್ಳೇರಿಯ ಮೀಟರ್
ಮಲ್ಟಿಮೀಟರಿನ ಬಗ್ಗೆ ಇನ್ನೊಂದು. ಸಾಮಾನ್ಯ ಮೀಟರ್ ಎಸಿಯಲ್ಲಿ ಅಳೆಯುವುದು 50 ಹರ್ಟ್ಸಿನ ಸೈನ್ ಅಲೆಯ ಲೆಕ್ಕದಲ್ಲಿ. ಡಿಸಿಸಿ ಚೌಕ ಅಲೆ, ಅದೂ ಸಾವಿರಾರು ಹರ್ಟ್ಸಿನದ್ದು. ಮೀಟರ್ ತೋರಿಸುವ ಅಂಕೆ ನಿಜವಾದ ವೋಲ್ಟೇಜ್ ಅಲ್ಲ. ಈ ತುದಿ, ಆ ತುದಿ ಹೋಲಿಸಿ ನೋಡ್ಲಿಕ್ಕೆ ಮಾತ್ರ ಬಳಸಿ.

ನೀರ್ಚಾಲು ಪ್ಯಾಸೆಂಜರ್
ನಾನು ಹೊಸಬ. ಹಳಿಯಲ್ಲಿ ಎಸಿ ಇದ್ದರೆ ಎಂಜಿನ್ನಿಗೆ ಮುಂದೆ ಹೋಗಬೇಕಾ ಹಿಂದೆ ಹೋಗಬೇಕಾ ಹೇಗೆ ಗೊತ್ತಾಗ್ತದೆ?

ಹೊಸೂರು ಹಳಿ
ಹಳಿಯಲ್ಲಿ ಹೋಗೋದು ಕರೆಂಟೂ ಹೌದು, ಸಂದೇಶವೂ ಹೌದು. ಧ್ರುವ ತಿರುಗುವ ವೇಗದಲ್ಲೇ ಒಂದು, ಸೊನ್ನೆ ಬರೆದಿರ್ತಾರೆ. ಅರ್ಧ ಅಲೆ 58 ಮೈಕ್ರೋಸೆಕೆಂಡ್ ಇದ್ದರೆ 1, 100 ಅಥವಾ ಜಾಸ್ತಿ ಇದ್ದರೆ 0. ಹೀಗೆ ಬರೋ ಬಿಟ್‌ಗಳಲ್ಲಿ ಮೊದಲು ವಿಳಾಸ, ಆಮೇಲೆ ಆಜ್ಞೆ, ಕೊನೆಗೆ ತಪ್ಪು ಹಿಡಿಯೋಕೆ ಒಂದು ಬೈಟ್. ಎಂಜಿನ್ ಒಳಗಿನ ಡಿಕೋಡರ್ ತನ್ನ ವಿಳಾಸ ಬಂದರೆ ಮಾತ್ರ ಕೇಳುತ್ತೆ, ಬೇರೆಯದ್ದನ್ನ ಬಿಡುತ್ತೆ. ಅದೇ ಅಲೆಯನ್ನ ಡಿಸಿ ಮಾಡ್ಕೊಂಡು ಮೋಟರಿಗೆ ಕೊಡೋದೂ ಅದೇ ಡಿಕೋಡರ್. ಹಾಗಾಗಿ ಎಡ ಹಳಿ, ಬಲ ಹಳಿ ಅದಲುಬದಲಾದರೂ ಎಂಜಿನ್ ದಿಕ್ಕು ಬದಲಾಗಲ್ಲ. ಜರ್ಮನಿಯ ಲೆಂಜ್ ಕಂಪನಿಯವರ ಪದ್ಧತಿ ಇದು. ಅಮೆರಿಕದ ಮಾದರಿ ರೈಲಿನವರ ಸಂಘ ಎನ್‌ಎಂಆರ್‌ಎ 1990ರ ದಶಕದಲ್ಲಿ ಇದನ್ನೇ ಮಾನದಂಡ ಮಾಡಿದ್ದರಿಂದ ಒಂದು ಕಂಪನಿಯ ಡಿಕೋಡರ್ ಇನ್ನೊಂದು ಕಂಪನಿಯ ಕಮಾಂಡ್ ಸ್ಟೇಷನ್ ಮಾತು ಕೇಳೋದು.

ಈಗ @ಕುಂಬ್ಳೆ ಅಟ್ಟ ಅವರ ಸುರಂಗ. ಎಂಜಿನ್ನಿಗೆ ಧ್ರುವದ ಚಿಂತೆ ಇಲ್ಲ ನಿಜ, ಆದರೆ ಹಳಿಗೆ ಇದೆ. ನಿಮ್ಮ ಸುತ್ತಿನಲ್ಲಿ ಎಡ ಹಳಿ ತಿರುಗಿ ಬಂದು ಬಲ ಹಳಿಗೆ ಸೇರುತ್ತೆ, ಅದು ನೇರ ಶಾರ್ಟ್. ಸುತ್ತಿನ ಎರಡೂ ತುದಿಯಲ್ಲಿ ಎರಡೂ ಹಳಿ ಕತ್ತರಿಸಿ ಪ್ಲಾಸ್ಟಿಕ್ ಜಾಯಿನರ್ ಹಾಕಿ. ಒಳಗಿನ ಭಾಗಕ್ಕೆ ಆಟೋ ರಿವರ್ಸರ್ ಮೂಲಕ ಕರೆಂಟ್ ಕೊಡಿ. ಗಾಲಿ ಗ್ಯಾಪ್ ದಾಟೋವಾಗ ಶಾರ್ಟ್ ಕಂಡ ತಕ್ಷಣ ಅದು ಒಳಗಿನ ಧ್ರುವ ತಿರುಗಿಸುತ್ತೆ, ಎಂಜಿನ್ ನಿಲ್ಲೋದೂ ಇಲ್ಲ. ಒಂದೇ ಷರತ್ತು: ಕತ್ತರಿಸಿದ ಭಾಗ ನಿಮ್ಮ ಅತಿ ಉದ್ದದ ಗಾಡಿಗಿಂತ ಉದ್ದ ಇರಬೇಕು. ಲೋಹದ ಗಾಲಿ, ದೀಪದ ಕೋಚ್ ಇರೋ ಗಾಡಿ ಎರಡೂ ತುದಿಯ ಗ್ಯಾಪ್ ಮೇಲೆ ಒಟ್ಟಿಗೆ ನಿಂತರೆ ರಿವರ್ಸರ್ ಯಾವ ಕಡೆಗೆ ತಿರುಗಿಸಿದರೂ ಶಾರ್ಟೇ.

ಕುಂಬ್ಳೆ ಅಟ್ಟ
ಸುರಂಗದ ಒಳಗಿನ ಸುತ್ತು 14 ಅಡಿ ಉಂಟು. ನನ್ನ ಉದ್ದದ ಗಾಡಿ ಎಂಜಿನ್ ಮತ್ತು 9 ಕೋಚ್, 9 ಅಡಿಗಿಂತ ಸ್ವಲ್ಪ ಹೆಚ್ಚು. ಸಾಕಲ್ಲ?

ಹೊಸೂರು ಹಳಿ
ಧಾರಾಳ.

ಮಂಜೇಶ್ವರ ಸ್ಟಾರ್ಟರ್
ನಾನು ಸಿಗ್ನಲ್ ವಿಭಾಗದಲ್ಲಿ ಕೆಲಸ ಮಾಡಿದವ, ಮಾದರಿ ರೈಲಿಗೆ ಬಂದದ್ದು ನಿವೃತ್ತಿಯ ನಂತರ. ಟಾಗಲ್ ಸ್ವಿಚ್ ಕೀಳಬೇಡಿ ಅಂತ ನನ್ನ ಅಭಿಪ್ರಾಯ. ಡಿಸಿಸಿಗೆ ಬ್ಲಾಕ್ ಬೇಡ ಅಂತ ಪುಸ್ತಕದಲ್ಲಿ ಬರೀತಾರೆ. ಗಾಡಿ ಓಡಿಸ್ಲಿಕ್ಕೆ ಬೇಡ, ಸರಿ. ದೋಷ ಹುಡುಕ್ಲಿಕ್ಕೆ ಬೇಕು. ಲೇಔಟಿನಲ್ಲಿ ಎಲ್ಲೋ ಶಾರ್ಟ್ ಆಗಿ ಎಲ್ಲವೂ ಸತ್ತಾಗ ಒಂದೊಂದೇ ಬ್ಲಾಕ್ ಆಫ್ ಮಾಡ್ತಾ ಬಂದರೆ ಯಾವುದರಲ್ಲಿ ಶಾರ್ಟ್ ಅಂತ ಒಂದು ನಿಮಿಷದಲ್ಲಿ ಸಿಕ್ತದೆ. ಇಲ್ಲದಿದ್ದರೆ 26 ಅಡಿಯಲ್ಲಿ ಎಲ್ಲಿ ಅಂತ ಹುಡುಕುದು?

ಮುಂದೆ ಕಂಪ್ಯೂಟರಿನಲ್ಲಿ ಪ್ಯಾನೆಲ್ ಮಾಡಿ ಯಾವ ಬ್ಲಾಕಿನಲ್ಲಿ ಗಾಡಿ ಉಂಟು ಅಂತ ನೋಡಬೇಕಾದರೂ ಬ್ಲಾಕ್ ಇದ್ದರೇ ಆಗುದು. ಬ್ಲಾಕಿಗೆ ಹೋಗುವ ಫೀಡ್ ವಯರನ್ನು ಕರೆಂಟ್ ಸೆನ್ಸರಿನ ಕಾಯಿಲಿನ ಒಳಗೆ ಹಾಯಿಸಿದರೆ ಆಯಿತು, ಹಳಿಗೆ ಬೇರೆ ಎಂತದ್ದೂ ಮಾಡ್ಲಿಕ್ಕಿಲ್ಲ. ದೀಪ ಇಲ್ಲದ ವ್ಯಾಗನ್ನೂ ಗೊತ್ತಾಗಬೇಕಾದರೆ ಅದರ ಒಂದು ಆಕ್ಸಲ್ ಮೇಲೆ 10 ಕಿಲೋಓಮಿನ ಸಣ್ಣ ರೆಸಿಸ್ಟರ್ ಅಂಟಿಸ್ತಾರೆ. ನಮ್ಮ ದೊಡ್ಡ ರೈಲಿನ ಟ್ರ್ಯಾಕ್ ಸರ್ಕ್ಯೂಟಿನಲ್ಲಿ ಆಕ್ಸಲ್ ಎರಡು ಹಳಿಯನ್ನು ಶಾರ್ಟ್ ಮಾಡಿ ರಿಲೇ ಬೀಳಿಸುವುದು. ಇಲ್ಲಿ ಶಾರ್ಟ್ ಮಾಡುವ ಹಾಗಿಲ್ಲ, ಹಾಗಾಗಿ ಸ್ವಲ್ಪವೇ ಕರೆಂಟ್ ಎಳೆಯುವ ಉಪಾಯ.

ಬದಿಯಡ್ಕ ಬೆಸುಗೆ
ಬ್ಲಾಕ್ ಇರಲಿ ಅನ್ನುದಕ್ಕೆ ನನ್ನ ವಿರೋಧ ಇಲ್ಲ. ಆದರೆ ಅವರ ಈಗಿನ ಟಾಗಲ್ ಎಷ್ಟು ಆಂಪಿಯರಿನದ್ದು, ಅದಕ್ಕೆ ಹೋಗುವ ವಯರ್ ಎಷ್ಟು ತೆಳು, ನೋಡಬೇಡವಾ? ಪ್ಯಾನೆಲಿಗೆ ಹೋಗಿ ವಾಪಸ್ ಬರುವ ತೆಳು ವಯರೇ 5 ಮೀಟರ್ ಇದ್ದರೆ ಬಸ್ ದಪ್ಪ ಮಾಡಿ ಏನು ಪ್ರಯೋಜನ?

ಮಂಜೇಶ್ವರ ಸ್ಟಾರ್ಟರ್
ಅದಕ್ಕೆ ಸ್ವಿಚ್‌ಗಳನ್ನು ಪ್ಯಾನೆಲಿನಿಂದ ತೆಗೆದು ಬಸ್ ಹತ್ತಿರವೇ, ಆಯಾ ಬ್ಲಾಕಿನ ಅಡಿಯಲ್ಲೇ ಕೂರಿಸಿ ಅಂತ ಹೇಳುದು. 5 ಆಂಪಿಯರಿಗಿಂತ ಕಡಿಮೆಯದ್ದು ಇದ್ದರೆ ಬದಲಾಯಿಸಿ. ಹಳೆಯ ಕಾಮನ್ ವಯರನ್ನು ಮಾತ್ರ ಪೂರ್ತಿ ತೆಗೆಯಿರಿ, ಅದರ ಜಾಗಕ್ಕೆ ಬಸ್ಸಿನ ಕಪ್ಪು ವಯರ್. ಇದರಲ್ಲಿ ನಮ್ಮಿಬ್ಬರಿಗೂ ಒಂದೇ ಮಾತು.

ಪೆರ್ಲದವ
ಒಂದು ಐಡಿಯಾ. ಟಾಗಲ್ ಹೇಗೂ ಉಂಟು, ಒಂದು ಬದಿಗೆ ಡಿಸಿಸಿ, ಇನ್ನೊಂದು ಬದಿಗೆ ಹಳೆ ಡಿಸಿ ಕಂಟ್ರೋಲರ್ ಕೊಟ್ಟರೆ? ಡಿಕೋಡರ್ ಹಾಕದ ಹಳೆ ಎಂಜಿನ್ ಬೇಕಾದ ಬ್ಲಾಕಿನಲ್ಲಿ ಓಡಿಸಬಹುದಲ್ಲ.

ಗುಂತಕಲ್ ಯಾರ್ಡ್
ಬ್ಯಾಡ್ರಿ!! ಒಂದು ಬ್ಲಾಕ್ ಡಿಸಿಸಿ, ಪಕ್ಕದ ಬ್ಲಾಕ್ ಡಿಸಿ ಇದ್ದಾಗ ಎಂಜಿನ್ನಿನ ಗಾಲಿ ಗ್ಯಾಪ್ ದಾಟಿತು ಅಂದ್ರೆ ಎರಡು ಸಪ್ಲೈ ಒಂದರ ಮೇಲೊಂದು ಬೀಳ್ತವೆ. ಬೂಸ್ಟರ್ ಹೋಗ್ತೈತೆ, ಡಿಕೋಡರ್ ಹೋಗ್ತೈತೆ, ಕಂಟ್ರೋಲರೂ ಹೋಗಬಹುದು. ಎರಡೂ ಬೇಕೇ ಬೇಕು ಅಂದ್ರೆ ಇಡೀ ಲೇಔಟಿಗೆ ಒಂದೇ ಡಬಲ್ ಪೋಲ್ ಸ್ವಿಚ್, ಎಲ್ಲಾ ಅದು ಇಲ್ಲಾ ಇದು. ಬ್ಲಾಕ್ ಬ್ಲಾಕಿಗೆ ಬ್ಯಾಡ.

ಹೊಸೂರು ಹಳಿ
+1. ಡಿಕೋಡರ್ ಇಲ್ಲದ ಎಂಜಿನ್ ಅನ್ನು ಡಿಸಿಸಿ ಹಳಿ ಮೇಲೆ ಇಡೋದೂ ಬೇಡ. ಕೆಲವು ಸಿಸ್ಟಮ್‌ಗಳಲ್ಲಿ ವಿಳಾಸ 0 ಅಂತ ಒಂದು ಉಪಾಯ ಇದೆ, ಸೊನ್ನೆ ಬಿಟ್ಟನ್ನು ಒಂದು ಕಡೆಗೆ ಎಳೆದು ಓಡಿಸ್ತಾರೆ. ಮೋಟರ್ ಗುಂಯ್ ಅನ್ನುತ್ತೆ, ನಿಂತಲ್ಲೇ ಬಿಸಿಯಾಗುತ್ತೆ. ಕೋರ್‌ಲೆಸ್ ಮೋಟರ್ ಆದರೆ ಸುಟ್ಟೇ ಹೋಗುತ್ತೆ.

ಡಿಸಿ ಬಿಟ್ಟವರು ಇನ್ನೊಂದು ಕೆಲಸ ಮಾಡಿ. ಪ್ರತಿ ಡಿಕೋಡರಿನ ಸಿವಿ 29ರಲ್ಲಿ (ಸಿವಿ ಅಂದರೆ ಡಿಕೋಡರ್ ಒಳಗಿನ ನಂಬರಿನ ಸೆಟ್ಟಿಂಗ್) ಅನಲಾಗ್ ಆಯ್ಕೆ, ಅಂದರೆ ಸಾದಾ ಡಿಸಿಯಲ್ಲೂ ಓಡೋದನ್ನ, ಆಫ್ ಮಾಡಿ. ಸಾಮಾನ್ಯವಾಗಿ 6 ಇರುತ್ತೆ, ಅದನ್ನ 2 ಮಾಡಿ. ನಾಲ್ಕಂಕಿಯ ವಿಳಾಸ ಇದ್ದರೆ 34. ಶಾರ್ಟ್ ಆದಾಗ ಹಳಿಯಲ್ಲಿ ಒಂದು ಕ್ಷಣ ವಿಚಿತ್ರ ವೋಲ್ಟೇಜ್ ಬಂದರೆ ಕೆಲವು ಎಂಜಿನ್ ಅದನ್ನು ಡಿಸಿ ಅಂದ್ಕೊಂಡು ಪೂರ್ತಿ ವೇಗದಲ್ಲಿ ಓಡುತ್ತವೆ. ಈ ಒಂದು ಬದಲಾವಣೆಯಿಂದ ಅದು ನಿಲ್ಲುತ್ತೆ.

ನೀರ್ಚಾಲು ಪ್ಯಾಸೆಂಜರ್
ನಮ್ಮ ಎಂಜಿನ್ ನಂಬರನ್ನೇ ವಿಳಾಸ ಕೊಡ್ಲಿಕ್ಕೆ ಆಗ್ತದಾ? ವ್ಯಾಪ್-7ರದ್ದು 30 ಸಾವಿರದ ಮೇಲೆ ಉಂಟು.

ಹೊಸೂರು ಹಳಿ
ಆಗಲ್ಲ. ಚಿಕ್ಕ ವಿಳಾಸ 127ರವರೆಗೆ, ಉದ್ದದ್ದು 10239ರವರೆಗೆ ಮಾತ್ರ. ಹೆಚ್ಚಿನ ಥ್ರಾಟಲ್‌ಗಳಲ್ಲಿ (ಎಂಜಿನ್ ಓಡಿಸೋ ಕೈ ಕಂಟ್ರೋಲರ್) 9999ಕ್ಕೇ ನಿಲ್ಲುತ್ತೆ. ನಮ್ಮ ರೈಲ್ವೆಯದ್ದು ಐದಂಕಿ, ಹಾಗಾಗಿ ಕೊನೆಯ ನಾಲ್ಕು ಅಂಕಿ ಇಟ್ಟುಕೊಳ್ಳಿ. ಹೊಸ ಡಿಕೋಡರ್ ಬರೋದು ವಿಳಾಸ 3ರಲ್ಲಿ.

ಸೊಲ್ಲಾಪುರ ನ್ಯಾರೋಗೇಜ್
ನಮಸ್ಕಾರ್ರೀ ಎಲ್ಲರಿಗೂ. ನಾ ಬಾರ್ಸಿ ಲೈಟ್ ರೈಲ್ವೇದ ಮಾದರಿ ಮಾಡಾಕತ್ತೀನಿ, ಕುರ್ಡುವಾಡಿ ಸ್ಟೇಷನ್. 1897ರಾಗ ಎವೆರಾರ್ಡ್ ಕ್ಯಾಲ್ತ್ರಾಪ್ ಸಾಹೇಬ್ರು ಹಾಕಿದ್ದ ಎರಡೂವರೆ ಅಡಿ ಗೇಜಿನ ಲೈನ್, 762 ಮಿ.ಮೀ. ಎಚ್‌ಓ ಅಳತೀಗೆ 87ರಿಂದ ಭಾಗಿಸಿದ್ರ 8.76 ಬರ್ತದ, ಎನ್ ಗೇಜಿನ 9 ಮಿ.ಮೀ. ಹಳಿ ಚೊಲೋ ಹೊಂದತದ. ನಮ್ಮ ಅಜ್ಜಾರು ಪಂಢರಪುರಕ್ಕ ಆ ಗಾಡ್ಯಾಗ ಹೋಗತಿದ್ರು, ಅದಕ್ಕ ಆ ಲೈನ್ ಮ್ಯಾಲೆ ನನಗ ಭಾಳ ಪ್ರೀತಿ.

ನನ್ನ ತೊಂದ್ರಿ ಏನಂದ್ರ, ಎಂಜಿನ್ ಸಣ್ಣದು, ಗಾಲಿ ಸಣ್ಣವು. ಪಾಯಿಂಟ್ ಮ್ಯಾಲೆ ಬಂದ್ರ ಪ್ರತಿ ಸಲ ಕರೆಂಟ್ ಹೋಗಿ ನಿಂದರ್ತದ. ಡಿಸಿಸಿ ಹಾಕಿದ್ರ ಇದು ಸರಿ ಆಗತದೇನ್ರಿ?

ಬದಿಯಡ್ಕ ಬೆಸುಗೆ
ಡಿಸಿಸಿ ಹಾಕಿದ ಮಾತ್ರಕ್ಕೆ ಸರಿ ಆಗುದಿಲ್ಲ, ಹೆಚ್ಚೂ ಆಗಬಹುದು. ಕರೆಂಟ್ ಹೋದರೆ ಡಿಕೋಡರ್ ಮತ್ತೆ ಮೊದಲಿನಿಂದ ಶುರು ಮಾಡ್ತದೆ, ಶಬ್ದದ ಡಿಕೋಡರ್ ಆದರೆ ಎಂಜಿನ್ ಸ್ಟಾರ್ಟ್ ಆಗುವ ಶಬ್ದವೇ ಮತ್ತೆ. ಫ್ರಾಗ್ ಪ್ಲಾಸ್ಟಿಕ್ಕಿನದ್ದಾ, ಲೋಹದ್ದಾ? ಲೋಹದ್ದಾದರೆ ಫ್ರಾಗಿಗೆ ಒಂದು ವಯರ್ ಹಾಕಿ, ಪಾಯಿಂಟ್ ಮೋಟರಿನ ಸ್ವಿಚ್ ಮೂಲಕ ಸರಿಯಾದ ಹಳಿಗೆ ಜೋಡಿಸಿ. ಮತ್ತೆ ಡಿಕೋಡರಿಗೆ ಕೀಪ್-ಅಲೈವ್ ಕೆಪಾಸಿಟರ್ ಸೇರಿಸಿ, ಒಂದು ಕ್ಷಣ ಕರೆಂಟ್ ಹೋದರೂ ಅದು ನಡೆಸ್ತದೆ. ಟೆಂಡರ್ ಇದ್ದರೆ ಅದರಲ್ಲಿ ಅಡಗಿಸಬಹುದು.

@ಕುಂಬ್ಳೆ ಅಟ್ಟ ನಿಮ್ಮ ಎಲೆಕ್ಟ್ರೋಫ್ರಾಗಿಗೂ ಇದೇ. ಫ್ರಾಗಿನಿಂದ ಹೊರಡುವ ಎರಡು ಒಳ ಹಳಿಗೂ ಪ್ಲಾಸ್ಟಿಕ್ ಜಾಯಿನರ್ ಕಡ್ಡಾಯ. ಬ್ಲೇಡ್ ತಾಗುವುದನ್ನೇ ನಂಬಿ ಫ್ರಾಗಿಗೆ ಕರೆಂಟ್ ಬಿಟ್ಟರೆ ನಮ್ಮ ಉಪ್ಪು ಗಾಳಿಗೆ ಬ್ಲೇಡಿನ ತುದಿ ಒಂದು ಮಳೆಗಾಲ ಕಳೆಯುವಾಗ ಕಪ್ಪಾಗ್ತದೆ.

ಸೊಲ್ಲಾಪುರ ನ್ಯಾರೋಗೇಜ್
ಲೋಹದ ಫ್ರಾಗ್ ಅದ, ವಯರ್ ಹಾಕಿಲ್ಲ. ಈ ಐತವಾರ ಹಾಕತೀನ್ರಿ. ನಮ್ಮ ಕಡೆ ಉಪ್ಪಿನ ಗಾಳಿ ಇಲ್ಲ, ಧೂಳ ಅದ. ಬ್ಯಾಸಗಿಗೆ ಹಳಿ ಮ್ಯಾಲೆ ಬೆರಳಾಡಿಸಿದ್ರ ಗೆರಿ ಬೀಳತದ.

ನೀರ್ಚಾಲು ಪ್ಯಾಸೆಂಜರ್
ಹಳಿ ಕ್ಲೀನ್ ಮಾಡ್ಲಿಕ್ಕೆ ಯಾವುದು ಒಳ್ಳೆಯದು? ಸ್ಯಾಂಡ್ ಪೇಪರ್ ಹಾಕಬಹುದಾ?

ಮುಳ್ಳೇರಿಯ ಮೀಟರ್
ಸ್ಯಾಂಡ್ ಪೇಪರ್ ಖಂಡಿತ ಬೇಡ. ಗೀರು ಬೀಳ್ತದೆ, ಆ ಗೀರಿನಲ್ಲೇ ಮತ್ತೆ ಕೊಳೆ ಕೂರ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ ಒರೆಸಿ.

ಗುಂತಕಲ್ ಯಾರ್ಡ್
ಐಸೋಪ್ರೊಪೈಲಿಗಿಂತ ಮಿನರಲ್ ಟರ್ಪೆಂಟೈನ್ ಮೇಲು. ಗಾಲಿ ಹಳಿ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿ ಹಾರ್ತಾ ಇರ್ತೈತೆ, ಅದರಿಂದಲೇ ಕಪ್ಪು ಮಸಿ ಕೂರೋದು. ಧ್ರುವೀಯ ದ್ರವ ಬಳಸಿದ ಹಳಿ ಬೇಗ ಕಪ್ಪಾಗ್ತೈತೆ, ಅಧ್ರುವೀಯ ದ್ರವ ಬಳಸಿದರೆ ನಿಧಾನ. ನಾನು ಎರಡೂ ಬಳಸಿ ನೋಡೀನಿ.

ಮುಳ್ಳೇರಿಯ ಮೀಟರ್
ಕರಾವಳಿಯ ತೇವಾಂಶದಲ್ಲಿ ನನಗೆ ಆ ವ್ಯತ್ಯಾಸ ಕಾಣಲಿಲ್ಲ. ಟರ್ಪೆಂಟೈನಿನ ವಾಸನೆ ಅಟ್ಟದಲ್ಲಿ ತುಂಬ ಹೊತ್ತು ಉಳೀತದೆ, ಬೆಂಕಿಯ ಹೆದರಿಕೆ ಬೇರೆ. ಯಾವುದೇ ಹಾಕಿ, ಆ ಹೊತ್ತಿಗೆ ಹಳಿಗೆ ಕರೆಂಟ್ ಆಫ್ ಮಾಡಿ, ಕಿಟಕಿ ತೆರೆದಿಡಿ.

ಪೆರ್ಲದವ
ಸಾಮಾನಿನ ಬೆಲೆ ಬಗ್ಗೆ ಯಾರೂ ಮಾತಾಡುದಿಲ್ಲವಲ್ಲ? ವಿದೇಶದ ಕಮಾಂಡ್ ಸ್ಟೇಷನ್ ತರಿಸಿದರೆ ಸುಂಕ ಎಲ್ಲ ಸೇರಿ ಎಷ್ಟಾಗ್ತದೆ ಗೊತ್ತುಂಟಲ್ಲ.

ಗುಂತಕಲ್ ಯಾರ್ಡ್
ನಾನು ಕೊಂಡೇ ಇಲ್ಲ, ಡಿಸಿಸಿ-ಇಎಕ್ಸ್ ಅಂತ ಕಮಾಂಡ್ ಸ್ಟೇಷನ್ ನಾನೇ ಮಾಡ್ಕೊಂಡೀನಿ. ಆರ್ಡುಯಿನೋ ಮೆಗಾ ಅನ್ನೋ ಸಣ್ಣ ಕಂಪ್ಯೂಟರ್ ಬೋರ್ಡ್, ಅದರ ಮೇಲೆ ಹಳಿಗೆ ಕರೆಂಟ್ ಕೊಡೋ ಮೋಟರ್ ಶೀಲ್ಡ್, ಸಾಫ್ಟ್‌ವೇರ್ ಉಚಿತ, ಮುಕ್ತ. ವೈಫೈ ಬೋರ್ಡ್ ಸೇರಿಸಿದ್ರೆ ಫೋನಿನಾಗೆ ಎಂಜಿನ್ ಡ್ರೈವರ್ ಆ್ಯಪ್ ಹಾಕ್ಕೊಂಡು ಓಡಿಸಬಹುದು. ಉನೋ ಬೋರ್ಡ್ ತಗೋಬೇಡ್ರಿ, ಮೆಮೊರಿ ಸಾಲಲ್ಲ. ಸಾಮಾನ್ಯ ಶೀಲ್ಡಿನಾಗೆ ಇರೋದು ಎಲ್298 ಚಿಪ್, ಚಾನೆಲಿಗೆ 2 ಆಂಪಿಯರ್ ಅಂತ ಬರೆದಿರ್ತಾರೆ, ಅಷ್ಟು ಎಳೀಬೇಡ್ರಿ. ಅದರಾಗೇ ಒಂದೂವರೆ ಎರಡು ವೋಲ್ಟ್ ಬಿದ್ದೂ ಹೋಗ್ತೈತೆ. ಎರಡು ಮೂರು ಎಂಜಿನ್ನಿಗೆ ಸಾಕು. ಕುಂಬ್ಳೆಯವರಂಥ ಲೇಔಟಿಗೆ 5 ಆಂಪಿಯರಿನ ಶೀಲ್ಡೇ ಬೇಕು, ಅದೂ ಸಿಗ್ತೈತೆ.

ಒಂದು ಮುಖ್ಯ ಮಾತು: ಶೀಲ್ಡಿನಿಂದ ಆರ್ಡುಯಿನೋಗೆ ಕರೆಂಟ್ ಹೋಗೋ ವಿಐಎನ್ ಕೊಂಡಿ ಕತ್ತರಿಸಲೇಬೇಕು, ಇಲ್ಲಾ ಆ ಪಿನ್ ಬಗ್ಗಿಸಬೇಕು. ಇಲ್ಲಾಂದ್ರೆ ಹಳಿಯ 15 ವೋಲ್ಟ್ ನೇರ ಆರ್ಡುಯಿನೋ ಒಳಗೆ ಹೋಗ್ತೈತೆ.

ಮಂಜೇಶ್ವರ ಸ್ಟಾರ್ಟರ್
ಮನೆಯಲ್ಲೇ ಮಾಡಿದ್ದು ಒಳ್ಳೆಯದು, ಆದರೆ 60 ದಾಟಿದವರಿಗೆ ಕೋಡ್ ಹಾಕುವ ತಾಪತ್ರಯ ಬೇಡ ಅಂತ ಕಾಣ್ತದೆ. ಪೆಟ್ಟಿಗೆಯಿಂದ ತೆಗೆದು ಪ್ಲಗ್ ಹಾಕಿದರೆ ಓಡಬೇಕು.

ಗುಂತಕಲ್ ಯಾರ್ಡ್
ಕೋಡ್ ಬರೆಯೋದೇನಿಲ್ಲ ಸರ್. ಕಂಪ್ಯೂಟರಿನಾಗೆ ಇನ್‌ಸ್ಟಾಲರ್ ಐತೆ, ಯಾವ ಬೋರ್ಡ್, ಯಾವ ಶೀಲ್ಡ್ ಅಂತ ಕೇಳ್ತೈತೆ, ತಾನೇ ತುಂಬ್ತೈತೆ. ಆಮೇಲೆ ಕಂಪ್ಯೂಟರಿಗೆ ಜೆಎಂಆರ್‌ಐ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡ್ರೆ ನಿಮ್ಮ ಸಿಗ್ನಲ್ ಪ್ಯಾನೆಲ್ಲೂ ಅದರಾಗೇ ಬಿಡಿಸಬಹುದು. ಸ್ಟಾರ್ಟರ್, ಹೋಮ್, ಡಿಸ್ಟೆಂಟ್, ಎಲ್ಲಾ.

ಮಂಜೇಶ್ವರ ಸ್ಟಾರ್ಟರ್
ಹೌದಾ? ಹಾಗಾದರೆ ನೋಡ್ತೇನೆ. ಲಿವರ್ ಫ್ರೇಮಿನ ಇಂಟರ್‌ಲಾಕಿಂಗ್ ತರ್ಕ ಅದರಲ್ಲಿ ಕೂರಿಸ್ಲಿಕ್ಕೆ ಆದರೆ ನನಗೆ ಅದೇ ಬೇಕಾದ್ದು.

ಹೊಸೂರು ಹಳಿ
ಆಗುತ್ತೆ ಸರ್. ಲಾಜಿಕ್ಸ್ ಅಂತ ಒಂದು ಭಾಗ ಇದೆ, ಈ ಪಾಯಿಂಟ್ ಹೀಗಿದ್ದರೆ ಮಾತ್ರ ಆ ಸಿಗ್ನಲ್ ಅಂತ ಷರತ್ತು ಬರೀಬಹುದು. ಬೇರೆ ಥ್ರೆಡ್ ಶುರು ಮಾಡಿ, ಅದರಲ್ಲೇ ಮಾತಾಡೋಣ.

ನೀರ್ಚಾಲು ಪ್ಯಾಸೆಂಜರ್
ಕುಂಬ್ಳೆ ಅಟ್ಟದವರೇ, ನಿಮ್ಮಲ್ಲಿ ವಂದೇ ಭಾರತ್ ಉಂಟಾ? ಕಾಸರಗೋಡಿನಿಂದ ತಿರುವನಂತಪುರಕ್ಕೆ 2023ರ ಏಪ್ರಿಲಿನಲ್ಲಿ ಮೊದಲು ಬಿಟ್ಟಾಗ ನಾನು ಸ್ಟೇಷನಿಗೆ ಹೋಗಿ ನೋಡಿದ್ದೆ. ಅದೇ ಸೆಪ್ಟೆಂಬರಿನಲ್ಲಿ ಬಂದ ಕೇಸರಿ ಬಣ್ಣದ್ದು ಇನ್ನೂ ಚಂದ.

ಕುಂಬ್ಳೆ ಅಟ್ಟ
ನನ್ನದು ವಿದ್ಯುದೀಕರಣಕ್ಕಿಂತ ಮೊದಲಿನ ಕಾಲ, ಡೀಸೆಲ್ ಮಾತ್ರ. ಡಬ್ಲ್ಯೂಡಿಎಂ-2 ಮತ್ತು ನೀಲಿ ಕೋಚಿನ ಮಾವೇಲಿ. ತಂತಿ ಕಂಬ ಇಲ್ಲದ ಚಂದ್ರಗಿರಿ ಸೇತುವೆಯೇ ನನಗೆ ಇಷ್ಟ.

ಪೆರ್ಲದವ
ಹಾಗೆ ನೋಡಿದರೆ ಕಾಞಂಗಾಡ್–ಪಾಣತ್ತೂರು–ಕಾಣಿಯೂರು ಲೈನನ್ನು ಲೇಔಟಿನಲ್ಲಾದರೂ ಹಾಕಿ ಯಾರಾದರೂ. ಆ ಪ್ರಸ್ತಾಪ ಕೇಳಿ ಕೇಳಿ ವಯಸ್ಸಾಯಿತು. ಆ ಲೈನ್ ಆದರೆ ನಮ್ಮ ಕಡೆಯವರಿಗೆ ಸುಬ್ರಹ್ಮಣ್ಯಕ್ಕೆ, ಬೆಂಗಳೂರಿಗೆ ಎಷ್ಟು ಹತ್ತಿರ.

ಬದಿಯಡ್ಕ ಬೆಸುಗೆ
ಆಗಲೇಬೇಕಾದ ಲೈನ್ ಅದು. ಘಾಟಿಯ ಮಾದರಿ ಮಾಡುವವರಿಗೂ ಒಂದು ಮಾತು. ಸುಬ್ರಹ್ಮಣ್ಯ ರೋಡ್–ಸಕಲೇಶಪುರದಲ್ಲಿ ಏರು 50ಕ್ಕೆ 1, ಅಂದರೆ ಶೇ. 2. ಲೇಔಟಿನಲ್ಲೂ ಅಷ್ಟೇ ಇಡಿ, ಅದಕ್ಕಿಂತ ಏರಿಸಬೇಡಿ. 60 ಸೆಂ.ಮೀ. ತ್ರಿಜ್ಯದ ಒಂದು ಸುತ್ತಿಗೆ ಸಿಗುವ ಎತ್ತರ ಏಳೂವರೆ ಸೆಂ.ಮೀ. ಹಲಗೆಯ ದಪ್ಪ ಕಳೆದರೆ ಎಂಜಿನ್ ನುಗ್ಗಲು ಸಾಲದು, ಹಾಗಾಗಿ ಹೆಲಿಕ್ಸ್ (ಸುರುಳಿಯಾಗಿ ಏರುವ ಹಳಿ) ಮಾಡುವವರು ತ್ರಿಜ್ಯವನ್ನೇ ಹೆಚ್ಚು ಮಾಡಬೇಕು. ಅಂಥ ಏರಿನಲ್ಲಿ ಎಂಜಿನ್ ಎಳೆಯುವ ಕರೆಂಟೂ ಹೆಚ್ಚು, ಹೆಲಿಕ್ಸಿನ ಪ್ರತಿ ಸುತ್ತಿಗೂ ಫೀಡರ್ ಕೊಡಿ.

ಕುಂಬ್ಳೆ ಅಟ್ಟ
ವಿಷಯಕ್ಕೆ ಬರುವ. ಬಸ್ಸಿಗೂ ಫೀಡರಿಗೂ ಜೋಡಣೆ ಹೇಗೆ? ಕನೆಕ್ಟರ್ ಪಟ್ಟಿ ಸಾಕಾ, ಬೆಸುಗೆಯೇ ಬೇಕಾ?

ಬದಿಯಡ್ಕ ಬೆಸುಗೆ
ಬೆಸುಗೆ. ಕರಾವಳಿಯಲ್ಲಿ ಸ್ಕ್ರೂ ಕನೆಕ್ಟರಿನ ಒಳಗೆ ತಾಮ್ರ ಹಸಿರಾಗ್ತದೆ, ಎರಡು ವರ್ಷಕ್ಕೊಮ್ಮೆ ಬಿಗಿ ಮಾಡ್ತಾ ಇರಬೇಕು. ಬಸ್ಸಿನ ಇನ್ಸುಲೇಷನ್ ಒಂದಿಂಚು ಸುಲಿದು, ಫೀಡರ್ ಸುತ್ತಿ, 60 ವಾಟಿನ ಐರನ್ನಿನಿಂದ 60/40 ಸೀಸ ಹಾಕಿ. ಸಣ್ಣ 25 ವಾಟಿನದ್ದರಲ್ಲಿ ದಪ್ಪ ತಾಮ್ರ ಬಿಸಿಯೇ ಆಗುದಿಲ್ಲ. ರೋಸಿನ್ ಫ್ಲಕ್ಸ್ ಮಾತ್ರ. ಪಾತ್ರೆ ಬೆಸುಗೆಯ ಆಸಿಡ್ ಫ್ಲಕ್ಸ್ ಹಾಕಿದರೆ ಒಂದು ಮಳೆಗಾಲದಲ್ಲಿ ವಯರೇ ತಿಂದು ಹೋಗ್ತದೆ. ಕೆಂಪಿನ ಜೋಡಣೆ ಮತ್ತು ಕಪ್ಪಿನ ಜೋಡಣೆ ಎದುರುಬದುರು ಬರದ ಹಾಗೆ ಎರಡಿಂಚು ಹಿಂದೆಮುಂದೆ ಮಾಡಿ, ಟೇಪ್ ಬಿಚ್ಚಿ ಹೋದರೂ ಒಂದಕ್ಕೊಂದು ತಾಗುದಿಲ್ಲ.

ಹೊಸೂರು ಹಳಿ
ಲಿವರ್ ಇರೋ ವ್ಯಾಗೋ ಕನೆಕ್ಟರ್ ಹಾಕಿದರೂ ಚೆನ್ನಾಗೇ ಇರುತ್ತೆ, ಬಿಚ್ಚಿ ಪರೀಕ್ಷೆ ಮಾಡೋಕೆ ಸುಲಭ. ಆದರೆ ಸಮುದ್ರದ ಪಕ್ಕ ನಿಮ್ಮ ಅನುಭವವೇ ದೊಡ್ಡದು. ಬಸ್ ವಯರ್ ಎರಡನ್ನೂ ಸಡಿಲವಾಗಿ ಹೆಣೆದು ಎಳೀರಿ, ಅಡಿಗೆ ನಾಲ್ಕೈದು ಸುತ್ತು. ಉದ್ದದ ಬಸ್ಸಿನಲ್ಲಿ ಇಂಡಕ್ಟೆನ್ಸಿನಿಂದ ಏಳೋ ವೋಲ್ಟೇಜ್ ಮೊನೆಗಳು ಕಡಿಮೆಯಾಗುತ್ತವೆ. ತುದಿಯಲ್ಲಿ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಸರಣಿಯಲ್ಲಿ ಹಾಕಿದರೆ ಇನ್ನೂ ಒಳ್ಳೇದು.

ಮುಳ್ಳೇರಿಯ ಮೀಟರ್
ಸಿಡಿಲಿನ ಬಗ್ಗೆ ಯಾರೂ ಹೇಳಲಿಲ್ಲ. ಕಾಸರಗೋಡಿನಲ್ಲಿ ಇರುವವರು ಮೊದಲು ಯೋಚಿಸಬೇಕಾದ್ದು ಅದು. ಏಪ್ರಿಲ್-ಮೇಯಲ್ಲಿ, ಮತ್ತೆ ತುಲಾ ತಿಂಗಳಲ್ಲಿ ಸಂಜೆ ಗುಡುಗು ಶುರುವಾದರೆ ಮೋಡೆಮ್, ಟಿವಿ ಎಲ್ಲ ಹೋಗುವ ಊರು ನಮ್ಮದು. ಸ್ವಿಚ್ ಆಫ್ ಮಾಡಿದರೆ ಸಾಲದು, ಕಮಾಂಡ್ ಸ್ಟೇಷನಿನ ಪ್ಲಗ್ಗೇ ಕೀಳಬೇಕು. ಕಂಪ್ಯೂಟರಿಗೆ ಹೋಗುವ ಯುಎಸ್‌ಬಿ ಕೇಬಲ್ಲೂ, ಲ್ಯಾನ್ ಇದ್ದರೆ ಅದೂ. ಅಟ್ಟಕ್ಕೆ ಬರುವ ಲೈನಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅರ್ತಿಂಗ್ ಸರಿ ಉಂಟಾ ನೋಡಿ. ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗಿ ನಿಷ್ಪ್ರಯೋಜಕ ಆಗಿರ್ತದೆ, ನೀರು ಹೊಯ್ಯಬೇಕು.

ಪೆರ್ಲದವ
ಇದಕ್ಕೆ ನನ್ನದೂ ಓಟು. ಪಕ್ಕದ ಮನೆಯಲ್ಲಿ ಕಳೆದ ಮಳೆಗೆ ಪಂಪಿನ ಸ್ಟಾರ್ಟರೇ ಹೋಯಿತು.

ಸೊಲ್ಲಾಪುರ ನ್ಯಾರೋಗೇಜ್
ಒಂದು ಕೇಳೂದದ. ಬೂಸ್ಟರ್ ಒಂದೇ ಇದ್ದಾಗ ಒಂದು ಕಡೆ ಶಾರ್ಟ್ ಆದ್ರ ಇಡೀ ಲೇಔಟ್ ನಿಂದರ್ತದಲ್ರೀ. ಅದಕ್ಕೇನರ ಅಗ್ಗದ ಉಪಾಯ ಅದ ಏನು?

ಬದಿಯಡ್ಕ ಬೆಸುಗೆ
ಉಂಟು. ಪ್ರತಿ ವಿಭಾಗದ ಫೀಡಿನಲ್ಲಿ ಸರಣಿಯಾಗಿ ಒಂದು 12 ವೋಲ್ಟ್ 21 ವಾಟಿನ ಬಲ್ಬ್, ಕಾರಿನ ಬ್ರೇಕ್ ಲೈಟಿನದ್ದು. ಶಾರ್ಟ್ ಆದ ವಿಭಾಗದ ಬಲ್ಬ್ ಉರೀತದೆ, ಕರೆಂಟ್ ಸುಮಾರು 2 ಆಂಪಿಯರಿಗೆ ನಿಲ್ತದೆ, ಬಾಕಿ ಲೇಔಟ್ ಓಡ್ತಾ ಇರ್ತದೆ. ಎಲ್ಲಿ ಶಾರ್ಟ್ ಅಂತ ಬಲ್ಬೇ ತೋರಿಸ್ತದೆ.

ಹೊಸೂರು ಹಳಿ
ಬಲ್ಬ್ ಹಳೆ ಕಾಲದ್ದು. ಶಬ್ದದ ಡಿಕೋಡರ್‌ಗಳು ಶುರುವಾಗೋವಾಗ ಕೆಪಾಸಿಟರ್ ತುಂಬೋಕೆ ಒಮ್ಮೆಲೇ ತುಂಬಾ ಎಳೀತವೆ, ಬಲ್ಬ್ ಮಂದವಾಗಿ ಉರಿದು ವೋಲ್ಟೇಜ್ ಕುಗ್ಗುತ್ತೆ. 2 ಆಂಪಿಯರಿನ ಶಾಖ ಶಾರ್ಟ್ ಆದ ಜಾಗದಲ್ಲಿ ಉಳಿಯೋದೂ ಉಳಿಯುತ್ತೆ. ಎಲೆಕ್ಟ್ರಾನಿಕ್ ಬ್ರೇಕರ್ ಹಾಕಿದರೆ ಪೂರ್ತಿ ಕಡಿಯುತ್ತೆ. ಬೆಲೆ ಜಾಸ್ತಿ, ಅಷ್ಟೇ.

ಬದಿಯಡ್ಕ ಬೆಸುಗೆ
ಅವರು ಕೇಳಿದ್ದು ಅಗ್ಗದ ಉಪಾಯ. ಅವರ ಎಂಜಿನ್ ಸಣ್ಣದು, ಶಬ್ದ ಇಲ್ಲ. ಅಂಥ ಲೇಔಟಿಗೆ ಬಲ್ಬ್ ಇವತ್ತಿಗೂ ಚೆನ್ನಾಗಿ ನಡೀತದೆ. ಕುಂಬ್ಳೆಯವರಿಗೆ ಬ್ರೇಕರೇ ಹಾಕಿ ಅಂತ ನಾನೂ ಹೇಳುದು.

ನೀರ್ಚಾಲು ಪ್ಯಾಸೆಂಜರ್
ನಾನು ಒಂದು ಡಿಕೋಡರ್ ತರಿಸಿದ್ದೇನೆ, ವಯರ್‌ಗಳ ಬಣ್ಣ ನೋಡಿ ತಲೆ ತಿರುಗ್ತಾ ಉಂಟು.

ಗುಂತಕಲ್ ಯಾರ್ಡ್
ಕೆಂಪು ಬಲ ಹಳಿಯಿಂದ, ಕಪ್ಪು ಎಡ ಹಳಿಯಿಂದ. ಕಿತ್ತಳೆ ಮತ್ತು ಬೂದು ಮೋಟರಿಗೆ. ಬಿಳಿ ಮುಂದಿನ ದೀಪ, ಹಳದಿ ಹಿಂದಿನ ದೀಪ, ನೀಲಿ ಎಲ್ಲಾ ದೀಪಕ್ಕೂ ಕಾಮನ್ ಪ್ಲಸ್. ಹಳೆ ಎಂಜಿನ್ ಆದ್ರೆ ಮೋಟರಿನ ಎರಡೂ ಬ್ರಷ್ ಚಾಸಿಗೆ ತಾಗದಂಗೆ ಬೇರ್ಪಡಿಸಬೇಕು, ಮೀಟರ್ ಹಿಡಿದು ನೋಡ್ರಿ. ಒಂದು ಬ್ರಷ್ ತಾಗಿದ್ರೂ ಡಿಕೋಡರ್ ಮೊದಲನೇ ಸಲಕ್ಕೇ ಸುಡ್ತೈತೆ. ಅದಕ್ಕೇ ಹೊಸ ಡಿಕೋಡರ್ ಮೊದಲು ಮೈನ್ ಲೈನಿಗೆ ಇಡಬೇಡ್ರಿ, ಪ್ರೋಗ್ರಾಮಿಂಗ್ ಟ್ರ್ಯಾಕಿಗೆ (ಡಿಕೋಡರ್ ಸೆಟ್ಟಿಂಗ್ ಓದೋಕೆ, ಬರೆಯೋಕೆ ಇರೋ ಬೇರೆ ಹಳಿ) ಇಡ್ರಿ. ಅಲ್ಲಿ ಕರೆಂಟ್ ಕಾಲು ಆಂಪಿಯರಿಗೆ ಮಿತಿ ಇರ್ತೈತೆ, ತಪ್ಪು ಜೋಡಣೆ ಇದ್ರೂ ಉಳಿಯೋ ಸಾಧ್ಯತೆ ಹೆಚ್ಚು. ಸಿವಿ ಓದ್ತೈತಾ ನೋಡ್ರಿ, ಓದಿದ್ರೆ ಮೋಟರ್ ಜೋಡಣೆ ಸರಿ ಅಂತ. ಡಿಕೋಡರ್ ಉತ್ತರ ಕೊಡೋದು ಮೋಟರಿಗೆ ಒಂದು ಕ್ಷಣ ಕರೆಂಟ್ ಕೊಟ್ಟೇ.

ಕುಂಬ್ಳೆ ಅಟ್ಟ
ಎಲ್ಲರಿಗೂ ತುಂಬಾ ಉಪಕಾರ ಆಯಿತು. ನಾನು ಹೀಗೆ ಮಾಡ್ತೇನೆ: 2.5ರ ಬಸ್ ಹೆಣೆದು ಹೊಸದಾಗಿ, ಹಳೆಯ ಕಾಮನ್ ವಯರ್ ಪೂರ್ತಿ ಹೊರಗೆ, ಬ್ಲಾಕ್ ಉಳಿಸಿಕೊಂಡು ಸ್ವಿಚ್ ಆಯಾ ಜಾಗದ ಅಡಿಯಲ್ಲಿ, ಸುರಂಗಕ್ಕೆ ರಿವರ್ಸರ್. ಕಮಾಂಡ್ ಸ್ಟೇಷನ್ ಗುಂತಕಲ್ಲಿನವರ ದಾರಿಯಲ್ಲೇ, 5 ಆಂಪಿಯರ್. ಕೊನೆಗೆ ಒಂದು ಪ್ರಶ್ನೆ: 11 ಪಾಯಿಂಟ್ ಮೋಟರುಗಳಿಗೆ ಕರೆಂಟ್ ಇದೇ ಬಸ್ಸಿನಿಂದ ತೆಗೆಯಬಹುದಾ?

ಮಂಜೇಶ್ವರ ಸ್ಟಾರ್ಟರ್
ಬೇಡ. ಅವಕ್ಕೆ ಬೇರೆ ಜೋಡಿ ವಯರ್, ಬೇರೆ ಸಪ್ಲೈ. ಸೊಲೆನಾಯ್ಡ್ ಮೋಟರ್ ಹೊಡೆಯುವಾಗ ಒಂದು ಕ್ಷಣ ಹಲವು ಆಂಪಿಯರ್ ಎಳೀತದೆ, ಬೂಸ್ಟರ್ ಟ್ರಿಪ್ ಆಗಿ ಗಾಡಿ ನಿಲ್ತದೆ. ಇನ್ನೊಂದು ಕಾರಣವೂ ಉಂಟು. ಪಾಯಿಂಟ್ ತಪ್ಪು ಬದಿಗೆ ಇದ್ದು ಗಾಡಿ ಫ್ರಾಗಿನ ಮೇಲೆ ಶಾರ್ಟ್ ಆಗಿ ನಿಂತಾಗ, ಆ ಪಾಯಿಂಟ್ ತಿರುಗಿಸಿದರೇ ಶಾರ್ಟ್ ಬಿಡುವುದು. ಪಾಯಿಂಟಿಗೂ ಅದೇ ಬಸ್ಸಿನ ಕರೆಂಟ್ ಆದರೆ ಬಸ್ಸೇ ಸತ್ತಿರ್ತದೆ, ತಿರುಗಿಸುವುದು ಯಾವುದರಿಂದ? ಕರೆಂಟ್ ತುಂಬಿಸಿಟ್ಟು ಒಮ್ಮೆಲೇ ಬಿಡುವ ಕೆಪಾಸಿಟರ್ ಡಿಸ್ಚಾರ್ಜ್ ಯೂನಿಟ್ ಇಟ್ಟು ಬೇರೆ ಟ್ರಾನ್ಸ್‌ಫಾರ್ಮರಿನಿಂದ ಕೊಡಿ. ವಯರಿಗೆ ಹಳದಿ-ನೀಲಿ ಹಾಕಿ, ಕೆಂಪು-ಕಪ್ಪಿನ ಜೊತೆ ಬೆರೆಯದ ಹಾಗೆ ಹಲಗೆಯ ಇನ್ನೊಂದು ಅಂಚಿನಲ್ಲಿ ಎಳೆಯಿರಿ.

ಗುಂತಕಲ್ ಯಾರ್ಡ್
ಪಾಯಿಂಟಿಗೆ ಸರ್ವೋ ಮೋಟರ್ ಹಾಕೋದಾದ್ರೆ 5 ವೋಲ್ಟಿನ ಬೇರೆ ಸಪ್ಲೈ ಸಾಕು, ಡಿಸ್ಚಾರ್ಜ್ ಯೂನಿಟ್ಟೂ ಬ್ಯಾಡ. ಆರ್ಡುಯಿನೋ ಬೋರ್ಡಿನ 5 ವೋಲ್ಟ್ ಪಿನ್ನಿಂದ ಮಾತ್ರ ಸರ್ವೋಗೆ ಕೊಡಬೇಡ್ರಿ.